ಶೌಚದ ಅಕ್ಷರಾಭ್ಯಾಸ

ಸಾಹಿತ್ಯದ ಪುಟದಲ್ಲಿ ಶೌಚದ ಮಾತೇ ಎಂದು ಮೂಗು ಮುಚ್ಚಿಕೊಳ್ಳುವವರು ಇರಬಹುದು. ಆದರೆ ಮಗು ಮೊದಲು ಕಲಿಯುವುದು ‘ಅ’ ಅಕ್ಷರವನ್ನಲ್ಲ. ಒಳಗಿನ ಕರೆಯನ್ನು ಗುರುತಿಸಿ, ತುಸು ತಡೆದು, ತಕ್ಕ ಎಡೆಗೆ ಹೋಗುವ ಸಂಯಮವು ಅಕ್ಷರಕ್ಕಿಂತ ಹಿರಿಯ ವಿದ್ಯೆ. ಅದನ್ನು ನಾವು ಕಲಿಸುವ ಬಗೆ ಅಲ್ಪ ವಿಷಯವೆಂದು ನನಗೆ ತೋರುವುದಿಲ್ಲ.

ನಮ್ಮ ಅಜ್ಜಿಯರು ಕಾಲು ಚಾಚಿ ಕುಳಿತು, ಪಾದಗಳ ಮೇಲೆ ಕೂಸನ್ನು ಕೂರಿಸಿ ‘ಸ್ಸ್’ ಎನ್ನುತ್ತಿದ್ದರು. ನಿದ್ದೆಯಿಂದ ಎದ್ದೊಡನೆ, ಹಾಲು ಕುಡಿದ ತುಸು ಹೊತ್ತಿಗೆ—ಸಮಯ ಅವರಿಗೆ ತಿಳಿದಿತ್ತು. ಹೊಟ್ಟೆಗೆ ಆಹಾರ ಬಿದ್ದರೆ ದೊಡ್ಡ ಕರುಳು ಚಲಿಸತೊಡಗುತ್ತದೆಂದು ಶರೀರಶಾಸ್ತ್ರವೂ ಹೇಳುತ್ತದೆ. “ನಮ್ಮ ಮಗು ವರ್ಷ ತುಂಬುವ ಮೊದಲೇ ಕಲಿತಿತ್ತು” ಎಂದು ಹೆಮ್ಮೆಪಡುವ ಹಿರಿಯರು ಈಗಲೂ ಉಂಟು. ನನ್ನ ಮಟ್ಟಿಗೆ, ಅಲ್ಲಿ ಕಲಿತದ್ದು ಮಗುವಿಗಿಂತ ಹೆಚ್ಚಾಗಿ ಅಜ್ಜಿ. ಮಗುವಿನ ಮುಖವನ್ನು ಓದುವ ವಿದ್ಯೆಯನ್ನು ಆಕೆ ಕಲಿತಿದ್ದಳು.

ಅಮೆರಿಕದ ಮಕ್ಕಳ ವೈದ್ಯ ಬ್ರೇಜಲ್ಟನ್ ತಮ್ಮ ಬಳಿಗೆ ಬಂದ 1,170 ಮಕ್ಕಳ ಅನುಭವವನ್ನು 1962ರಲ್ಲಿ ಪ್ರಕಟಿಸಿದಾಗ ಹೇಳಿದ್ದೂ ಇದಕ್ಕೆ ದೂರವಲ್ಲ. ಸುಮಾರು 18 ತಿಂಗಳಾದ ಮೇಲೆ ಮಗುವಿಗೆ ಅದರದೇ ಪುಟ್ಟ ಪೀಠವೊಂದನ್ನು ಕೊಡಿ. ಮೊದಲು ಬಟ್ಟೆ ತೊಟ್ಟೇ ಕೂರಲಿ. ಒಲ್ಲೆನೆಂದರೆ ಬಿಟ್ಟುಬಿಡಿ, ಎಂಬುದು ಅವರ ಕ್ರಮ. ಆ ಮಕ್ಕಳು ಹಗಲಿನ ಹಿಡಿತ ಸಾಧಿಸಿದ್ದು ಸರಾಸರಿ 28 ತಿಂಗಳು ದಾಟಿದ ಮೇಲೆ. ಅಜ್ಜಿ ಬೇಗ ತೊಡಗಿದಳು, ವೈದ್ಯರು ತಡವಾಗಿ. ಆದರೂ ಇಬ್ಬರೂ ಮಗುವನ್ನು ನೋಡಿ ನಡೆದವರು, ಗಡಿಯಾರವನ್ನು ನೋಡಿ ಅಲ್ಲ.

ಇಂದು ನಾವು ನೋಡುತ್ತಿರುವುದು ಗಡಿಯಾರವನ್ನು. ಡೈಪರ್ ಬಿಟ್ಟ ಮಗುವನ್ನಷ್ಟೇ ಸೇರಿಸಿಕೊಳ್ಳುವ ಶಿಶುವಿಹಾರಗಳುಂಟು. ಎರಡು ವರ್ಷ ಯೋಚಿಸದಿದ್ದ ತಂದೆತಾಯಿಗಳು ಎರಡು ವಾರದಲ್ಲಿ ಎಲ್ಲವನ್ನೂ ಕಲಿಸಹೊರಡುತ್ತಾರೆ. ಪಕ್ಕದ ಮನೆಯ ಮಗುವಿನ ಹೋಲಿಕೆ, ‘ಛೀ’ ಎಂಬ ಉದ್ಗಾರ, ಕೆಲವೊಮ್ಮೆ ಒಂದು ಏಟು. ಹೆದರಿದ ಮಗು ಮಲವನ್ನು ತಡೆಯುತ್ತದೆ. ತಡೆದ ಮಲ ಗಟ್ಟಿಯಾಗುತ್ತದೆ, ನೋಯಿಸುತ್ತದೆ. ನೋವಿಗೆ ಅಂಜಿ ಮಗು ಮತ್ತೂ ತಡೆಯುತ್ತದೆ. ಬೈಗುಳದಿಂದ ಬಿದ್ದ ಈ ಗಂಟನ್ನು ಬಿಡಿಸಲು ಕೊನೆಗೆ ವೈದ್ಯರೇ ಬೇಕಾಗುತ್ತಾರೆ.

ಆದ್ದರಿಂದ ಪಾಠಕ್ಕೆ ಮೊದಲು ಸಿದ್ಧತೆ ಇರಲಿ. ಸುಲಭವಾಗಿ ಜಾರಿಸಬಹುದಾದ ಚಡ್ಡಿ, ಪಾದ ನೆಲಕ್ಕೆ ಊರುವಂಥ ಪೀಠ, ಮನೆಮಂದಿಯೆಲ್ಲ ನಾಚದೆ ಆಡುವ ಒಂದು ಮಾತು—ಇಷ್ಟು ಸಾಕು. ಒದ್ದೆಯಾದರೆ ಬಟ್ಟೆ ಬದಲಿಸೋಣ, ಮುಖ ಬದಲಿಸುವುದು ಬೇಡ. ಇರುಳಿನ ಹಿಡಿತ ಇನ್ನೂ ತಡವಾಗಿ ಬರುತ್ತದೆ. ಅದು ದೇಹ ಪಕ್ವವಾಗುವ ಮಾತು, ಹಟದ ಮಾತಲ್ಲ.

ತನ್ನ ದೇಹವೇ ಹೇಸಿಗೆಯೆಂದು ಕಲಿತ ಮಗುವಿಗೆ ಮುಂದೆ ನಾವು ಆತ್ಮಗೌರವವನ್ನು ಯಾವ ಪುಸ್ತಕದಿಂದ ಕಲಿಸಬೇಕು? ಕಲಿಯುವವನ ಸಿದ್ಧತೆಗೆ ಕಾಯುವವನೇ ಗುರು ಎಂಬುದನ್ನು ಉಪಾಧ್ಯಾಯರು ಬಲ್ಲರು. ಬಚ್ಚಲಮನೆಯ ಪಾಠಕ್ಕೂ ಅದೇ ನಿಯಮ ಸಲ್ಲಲಿ.