ಐಚ್ಛಿಕ ತರಗತಿ: ಇಚ್ಛೆ ಯಾರದು?

ಕಲ್ಯಾಣವೆಂದೊಡನೆ ಕನ್ನಡಿಗರ ಮನಸ್ಸು ಬೀದರ ಜಿಲ್ಲೆಯ ಬಸವಕಲ್ಯಾಣದತ್ತ, ಅನುಭವ ಮಂಟಪದತ್ತ ಹರಿಯುವುದು ಸಹಜ. ಮುಂಬಯಿಯಿಂದ ಸುಮಾರು 54 ಕಿಲೋಮೀಟರ್ ದೂರದಲ್ಲಿರುವ ಈ ಕಲ್ಯಾಣ ಬೇರೆ. ಇದು ರೈಲ್ವೆ ಜಂಕ್ಷನ್ನಿನ ಊರು. 1854ರಲ್ಲಿ ಇಲ್ಲಿಗೆ ರೈಲು ಬಂತು. ರೈಲಿನ ಹಿಂದೆಯೇ ಉದ್ಯೋಗವನ್ನರಸಿ ಜನರೂ ಬಂದರು. ಉಡುಪಿ, ಮಂಗಳೂರುಗಳಿಂದ ಹೋಟೆಲು ಕೆಲಸಕ್ಕೆ, ವಿಜಯಪುರ, ಕಲಬುರ್ಗಿಗಳಿಂದ ಕಟ್ಟಡದ ಕೆಲಸಕ್ಕೆ, ಎಲ್ಲ ಕಡೆಗಳಿಂದ ರೈಲ್ವೆ, ಬ್ಯಾಂಕು, ಕಾರ್ಖಾನೆಗಳ ನೌಕರಿಗೆ ಬಂದ ಕನ್ನಡಿಗರು ಕಲ್ಯಾಣ, ಡೊಂಬಿವಲಿ, ಥಾಣೆಗಳಲ್ಲಿ ಮನೆಮಾಡಿದರು. ಅವರ ಮೂರನೆಯ ತಲೆಮಾರು ಈಗ ಶಾಲೆಯಲ್ಲಿದೆ. ಈ ಮಕ್ಕಳ ಬಿಡುವಿನ ವೇಳೆಯ ಕುರಿತು ಸ್ವಲ್ಪ ಯೋಚಿಸಬೇಕಾದ ಕಾಲ ಒದಗಿದೆ.

ಸ್ಟೇಷನ್ನಿನಿಂದ ಹೊರಬಿದ್ದರೆ ಕಣ್ಣಿಗೆ ಬೀಳುವುದು ಕ್ಲಾಸುಗಳ ಫಲಕಗಳು. ಅಬ್ಯಾಕಸ್, ವೇದಗಣಿತ, ಕೋಡಿಂಗ್, ರೊಬೊಟಿಕ್ಸ್, ಕರಾಟೆ, ಕೀಬೋರ್ಡ್, ಭರತನಾಟ್ಯ, ಚಿತ್ರಕಲೆ - ಒಂದೇ ಎರಡೇ! ಅವುಗಳ ದೃಷ್ಟಿ ನೆಟ್ಟಿರುವುದು ಬಹುಮಟ್ಟಿಗೆ ಆರರಿಂದ ಎಂಟನೆಯ ಇಯತ್ತೆಯವರೆಗಿನ ಮಕ್ಕಳ ಮೇಲೆ. ಅಂದರೆ ಹನ್ನೊಂದರಿಂದ ಹದಿನಾಲ್ಕು ವರ್ಷದೊಳಗಿನವರ ಮೇಲೆ. ಹತ್ತನೆಯ ಇಯತ್ತೆಯ ಭಯ ಇನ್ನೂ ಆವರಿಸದ, ಆದರೆ ತಾನಾಗಿ ಓಡಾಡಬಲ್ಲ ವಯಸ್ಸು ಅದು. ಶಾಲೆಗಳು ಇಂಥವನ್ನು ಐಚ್ಛಿಕ ವಿಷಯಗಳೆನ್ನುತ್ತವೆ. ಪಾಲಕರು ಹಾಬಿ ಕ್ಲಾಸು ಎನ್ನುತ್ತಾರೆ. ಐಚ್ಛಿಕವೆಂದರೆ ಇಚ್ಛೆಯಿಂದ ಆರಿಸಿಕೊಂಡದ್ದು. ಆದರೆ ಇಚ್ಛೆ ಯಾರದು? ಅರ್ಜಿ ತುಂಬುವವರು ತಂದೆ, ಶುಲ್ಕ ಕಟ್ಟುವವರು ತಾಯಿ, ಸಲಹೆ ಕೊಡುವವರು ನೆರೆಮನೆಯವರು. ಮಗುವಿಗೆ ಉಳಿಯುವುದು ಹಾಜರಿ ಮಾತ್ರ.

ಪಾಲಕರನ್ನು ದೂರುವುದು ಸುಲಭ. ಆದರೆ ಅವರ ಕಷ್ಟವನ್ನೂ ಅರಿಯಬೇಕು. ಗಂಡ ಹೆಂಡತಿ ಇಬ್ಬರೂ ಬೆಳಗಿನ ಲೋಕಲ್ ಹಿಡಿದು ಮುಂಬಯಿಗೆ ಹೋಗಿ, ಕತ್ತಲಾದ ಮೇಲೆ ಮರಳುವ ಮನೆಗಳು ಇಲ್ಲಿ ಸಾಮಾನ್ಯ. ಊರಿನಲ್ಲಾಗಿದ್ದರೆ ಅಜ್ಜಿ ಇರುತ್ತಿದ್ದಳು, ಅಂಗಳವಿರುತ್ತಿತ್ತು. ಇಲ್ಲಿ ಆ ಎರಡರ ಸ್ಥಾನವನ್ನೂ ಕ್ಲಾಸು ತುಂಬುತ್ತಿದೆ. ಕೆಲವು ಪಾಲಕರು ಕೊಡುವ ಶುಲ್ಕದಲ್ಲಿ ವಿದ್ಯೆಯ ಪಾಲು ಕಡಿಮೆ, ಮಗು ಒಬ್ಬಂಟಿಯಾಗಿರದಿರಲಿ ಎಂಬ ಕಾಳಜಿಯ ಪಾಲೇ ಹೆಚ್ಚು. ಈ ಸತ್ಯವನ್ನು ಒಪ್ಪಿಕೊಂಡೇ ಮುಂದಿನ ಮಾತನ್ನು ಆಡಬೇಕಾಗಿದೆ.

ಮಗುವಿನ ದಿನವನ್ನು ಒಂದು ಖಾತೆಯೆಂದು ಭಾವಿಸೋಣ. ಜಮೆ 24 ಗಂಟೆ. ಒಂದು ನಿಮಿಷವೂ ಹೆಚ್ಚಾಗದು, ಸಾಲವೂ ದೊರೆಯದು. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ 9ರಿಂದ 12 ಗಂಟೆ, ಅನಂತರದ ಹರೆಯದವರಿಗೆ 8ರಿಂದ 10 ಗಂಟೆ ನಿದ್ರೆ ಬೇಕೆಂದು ನಿದ್ರಾ ತಜ್ಞರು ಹೇಳುತ್ತಾರೆ. ಐದರಿಂದ ಹದಿನೇಳು ವರ್ಷದವರು ಪ್ರತಿದಿನ ಸರಾಸರಿ 60 ನಿಮಿಷವಾದರೂ ಮೈಬಗ್ಗಿಸಿ ಆಡಬೇಕು, ಓಡಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಿದ್ರೆಗೆ 9, ಶಾಲೆ ಹಾಗೂ ಪ್ರಯಾಣಕ್ಕೆ 7, ಸ್ನಾನ ಊಟಗಳಿಗೆ 3, ಮನೆಪಾಠಕ್ಕೆ 1, ಆಟಕ್ಕೆ 1 ಎಂದು ಹಿಡಿದರೆ ಉಳಿಯುವುದು 3 ಗಂಟೆ. ಹೋಗಿಬರುವ ವೇಳೆಯೂ ಸೇರಿ ಎರಡು ಕ್ಲಾಸುಗಳಿಗೆ ಈ 3 ಗಂಟೆ ಖರ್ಚು. ಮೂರನೆಯ ಕ್ಲಾಸು ಬಂದರೆ ಅದನ್ನು ಯಾವುದರಿಂದ ಕಳೆಯುವುದು? ನಿದ್ರೆಯಿಂದ ಇಲ್ಲವೇ ಆಟದಿಂದ. ಪಾಲಕರ ಲೆಕ್ಕದ ಪುಸ್ತಕದಲ್ಲಿ ಇದು ಕಾಣದು. ಮಗುವಿನ ಮೈಯಲ್ಲಿ, ಮುಖದಲ್ಲಿ ಕಾಣುತ್ತದೆ.

ವೇಳೆಯ ಮಾತು ಹೀಗಾದರೆ, ಉದ್ದೇಶದ ಮಾತು ಇನ್ನೊಂದು. ಮಹಾರಾಷ್ಟ್ರದಲ್ಲಿ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಎಂಬ ಚಿತ್ರಕಲಾ ಪರೀಕ್ಷೆಗಳು ಬಹುಕಾಲದಿಂದ ನಡೆದುಬಂದಿವೆ. ಹತ್ತನೆಯ ಇಯತ್ತೆಯಲ್ಲಿ ಇದಕ್ಕೆ ಹೆಚ್ಚುವರಿ ಅಂಕಗಳೂ ದೊರೆಯುವಂತಾಯಿತು. ಕಲೆಗೆ ಮಾನ್ಯತೆ ದೊರೆತದ್ದು ಒಳ್ಳೆಯದೇ. ಆದರೆ ಅಂಕ ದೊರೆತ ಮರುದಿನವೇ ಕುಂಚವನ್ನು ಅಟ್ಟಕ್ಕೇರಿಸುವ ಮಗು ಚಿತ್ರಕಲೆಯನ್ನು ಕಲಿಯಿತೇ, ಇಲ್ಲವೇ ಅಂಕ ಗಳಿಸುವ ಕಲೆಯನ್ನು ಕಲಿಯಿತೇ? ಆರು ಮತ್ತು ಒಂಬತ್ತನೆಯ ಇಯತ್ತೆಯವರಿಗೆ ಹೋಮಿ ಭಾಭಾ ಹೆಸರಿನ ಬಾಲವೈಜ್ಞಾನಿಕ ಸ್ಪರ್ಧೆಯೂ ಇದೆ. ಲಿಖಿತ ಪರೀಕ್ಷೆಯ ಜೊತೆಗೆ ಪ್ರಯೋಗ, ಸ್ವಂತ ಯೋಜನೆಗಳಿಗೂ ಅಲ್ಲಿ ಸ್ಥಾನವಿರುವುದು ಮೆಚ್ಚತಕ್ಕದ್ದು. ಅದಕ್ಕೂ ತರಬೇತಿ ಕ್ಲಾಸುಗಳು ಹುಟ್ಟಿಕೊಂಡಿವೆ. ಕುತೂಹಲಕ್ಕೂ ಟ್ಯೂಷನ್ ಇಡಬೇಕಾಗಿ ಬಂದರೆ ಅದು ಕುತೂಹಲವಾಗಿ ಉಳಿದೀತೇ?

ಈ ಅಪಾಯವನ್ನು ರವೀಂದ್ರನಾಥ ಠಾಕೂರರು ಬಹಳ ಹಿಂದೆಯೇ ಕಂಡಿದ್ದರು. ಗಿಣಿಗೆ ವಿದ್ಯೆ ಕಲಿಸಲು ಹೊರಟು, ಚಿನ್ನದ ಪಂಜರ ಮಾಡಿಸಿ, ಅದರ ಬಾಯಿಗೆ ಪುಸ್ತಕದ ಹಾಳೆಗಳನ್ನೇ ತುರುಕಿದ ಕಥೆ ಅವರದು. ಬಿ. ವಿ. ಕಾರಂತರು ಅದನ್ನು ‘ಪಂಜರ ಶಾಲೆ’ಯೆಂಬ ಮಕ್ಕಳ ನಾಟಕವಾಗಿ ಕನ್ನಡ ರಂಗಭೂಮಿಗೆ ತಂದರು. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ನಡೆಸಿದ ಪ್ರಯೋಗಗಳ ಹಿಂದೆಯೂ ಮಗು ಆಡುತ್ತ, ಕುಣಿಯುತ್ತ, ಕೈಯಿಂದ ಮಾಡುತ್ತ ಕಲಿಯಬೇಕೆಂಬ ನಂಬಿಕೆಯೇ ಇತ್ತು. ಕನ್ನಡಿಗರಿಗೆ ಇದು ಹೊರಗಿನಿಂದ ಬಂದ ವಿಚಾರವಲ್ಲ.

ಈ ಕಲ್ಯಾಣದ ಮಣ್ಣಿನಲ್ಲಿಯೇ ಒಂದು ಉದಾಹರಣೆಯಿದೆ. ಪಾಶ್ಚಾತ್ಯ ವೈದ್ಯಶಾಸ್ತ್ರದಲ್ಲಿ ಪದವಿ ಪಡೆದ ಮೊದಲ ಭಾರತೀಯ ಮಹಿಳೆಯರಲ್ಲೊಬ್ಬರಾದ ಆನಂದಿಬಾಯಿ ಜೋಶಿ ಹುಟ್ಟಿದ್ದು 1865ರಲ್ಲಿ, ಇಲ್ಲಿಯೇ. ಅಕ್ಷರಾಭ್ಯಾಸಕ್ಕೆ ಕಾರಣ ಪತಿ ಗೋಪಾಳರಾವ್ ಅವರ ಹಟ. ಆ ಹಟದಲ್ಲಿ ಕಾಠಿಣ್ಯವೂ ಇತ್ತು. ಆದರೆ ವೈದ್ಯಳಾಗಬೇಕೆಂಬ ಸಂಕಲ್ಪ ಮೂಡಿದ್ದು, ಹದಿನಾಲ್ಕರ ಎಳೆಯ ಪ್ರಾಯದಲ್ಲಿ ಹೆತ್ತ ಕೂಸು ಚಿಕಿತ್ಸೆಯಿಲ್ಲದೆ ತೀರಿಕೊಂಡ ದುಃಖದಿಂದ. 1883ರಲ್ಲಿ ಅಮೆರಿಕೆಗೆ ಹೋಗಿ 1886ರಲ್ಲಿ ಪದವಿ ಪಡೆಯುವ ಬಲವನ್ನು ಆಕೆಗೆ ಕೊಟ್ಟದ್ದು ಆ ಸಂಕಲ್ಪ. ಹಿರಿಯರು ಬಾಗಿಲು ತೆರೆಯಬಹುದು; ದಾರಿ ನಡೆಸುವುದು ಒಳಗಿನ ಇಚ್ಛೆಯೇ.

ಸರಕಾರದ ಧೋರಣೆಯೂ ಈಗ ಈ ದಿಕ್ಕಿಗೆ ತಿರುಗಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪಠ್ಯ, ಸಹಪಠ್ಯಗಳ ನಡುವೆ ಗೋಡೆ ಬೇಡವೆಂದಿದೆ. ಆರರಿಂದ ಎಂಟನೆಯ ತರಗತಿಯ ಅವಧಿಯಲ್ಲಿ ಹತ್ತು ದಿನ ಚೀಲವಿಲ್ಲದೆ ಬಂದು ಬಡಗಿ, ಕುಂಬಾರ, ತೋಟಗಾರ, ಕಲಾವಿದರ ಬಳಿ ಮಕ್ಕಳು ಕೆಲಸ ಕಲಿಯಲೆಂದು ಸೂಚಿಸಿದೆ. ಅದೇ ಅವಧಿಯಲ್ಲಿ ಭಾರತದ ಭಾಷೆಗಳ ಕುರಿತು ಒಂದು ವಿನೋದಮಯ ಚಟುವಟಿಕೆ ನಡೆಯಲೆಂದೂ ಹೇಳಿದೆ. ಕನ್ನಡ ಸಂಘಗಳು ಈ ಕೊನೆಯ ಮಾತನ್ನು ಗಮನಿಸಬೇಕು. ನೆರೆಯ ಮರಾಠಿ, ಇಂಗ್ಲಿಷ್ ಶಾಲೆಗಳಿಗೆ ಹೋಗಿ, ಒಂದು ತಾಸು ಕನ್ನಡದ ಹಾಡು, ಲಿಪಿ, ಆಟಗಳನ್ನು ಪರಿಚಯಿಸುತ್ತೇವೆಂದು ಸಂಘದವರೇ ಕೇಳಿಕೊಂಡರೆ ಬೇಡವೆನ್ನುವ ಮುಖ್ಯಾಧ್ಯಾಪಕರು ವಿರಳ. ತನ್ನ ಮನೆಮಾತು ಶಾಲೆಯ ವೇದಿಕೆಯೇರಿದ್ದನ್ನು ಕಂಡ ಮಗುವಿಗೆ ಅದರ ಬಗ್ಗೆ ಸಂಕೋಚ ಉಳಿಯದು.

ಇಲ್ಲಿಗೆ ಸಂಘಗಳ ಕನ್ನಡ ತರಗತಿಯ ಪ್ರಶ್ನೆ ಬಂತು. ಡೊಂಬಿವಲಿಯಲ್ಲಿ ಕರ್ನಾಟಕ ಸಂಘದ ಮಂಜುನಾಥ ವಿದ್ಯಾಲಯವಿದೆ. ಮುಂಬಯಿ ಹಾಗೂ ಉಪನಗರಗಳಲ್ಲಿ ಮಕ್ಕಳಿಗೆ ಕನ್ನಡ, ಭಜನೆ, ಸಂಸ್ಕೃತಿಗಳನ್ನು ಕಲಿಸುವ ಚಿಣ್ಣರ ಬಿಂಬದಂಥ ಪ್ರಯತ್ನಗಳಿವೆ. ಇವರ ಶ್ರಮ ಸ್ತುತ್ಯವಾದುದು. ಆದರೂ ಸಂಘಗಳು ಮನಗಾಣಬೇಕಾದ ಒಂದು ಸಂಗತಿಯಿದೆ. ಇಲ್ಲಿಯ ಮಗುವಿಗೆ ಶಾಲೆಯಲ್ಲಿ ಇಂಗ್ಲಿಷ್, ಮರಾಠಿ, ಹಿಂದಿ ಆಗಲೇ ಇವೆ. 2020ರ ಕಾಯಿದೆಯಿಂದ ಮರಾಠಿ ಎಲ್ಲ ಶಾಲೆಗಳಲ್ಲಿ ಕಡ್ಡಾಯವಾಗಿದೆ. ಅನ್ನವಿತ್ತ ನೆಲದ ಭಾಷೆಯನ್ನು ಕಲಿಯುವುದು ಧರ್ಮವೂ ಹೌದು. ಹೀಗಿರುವಾಗ ಭಾನುವಾರ ಬೆಳಗ್ಗೆ ಇನ್ನೊಂದು ಹಲಗೆ, ಇನ್ನೊಂದು ಕಾಗುಣಿತ, ಇನ್ನೊಂದು ಪರೀಕ್ಷೆಯಾಗಿ ಕನ್ನಡ ಎದುರಾದರೆ, ಮಗು ಅದನ್ನು ಕ್ಲಾಸುಗಳ ಪಟ್ಟಿಗೆ ಸೇರಿಸಿಬಿಡುತ್ತದೆ. ಏಳನೆಯ ಇಯತ್ತೆಯ ಭಾರ ಏರಿದಾಗ ಆ ಪಟ್ಟಿಯಿಂದ ಮೊದಲು ಹೊಡೆದುಹಾಕುವ ಹೆಸರೂ ಕನ್ನಡದ್ದೇ.

ಆದುದರಿಂದ ಕನ್ನಡವನ್ನು ವಿಷಯವಾಗಿ ಅಲ್ಲ, ಮಾಧ್ಯಮವಾಗಿ ಇಡಬೇಕು. ಸಂಘದ ಸಭಾಗೃಹದಲ್ಲಿ ಭಾನುವಾರ ಎರಡು ತಾಸು ನಾಲ್ಕು ಗುಂಪುಗಳು ನಡೆಯಲಿ. ಒಂದರಲ್ಲಿ ಯಕ್ಷಗಾನ, ನಾಟಕ. ಒಂದರಲ್ಲಿ ಅಡುಗೆ: ರಾಗಿ, ಜೋಳ, ಹೆಸರುಕಾಳುಗಳ ಗುಣವನ್ನರಿತು ಮಕ್ಕಳೇ ಕೋಸಂಬರಿ ಕಲಸಲಿ, ರೊಟ್ಟಿ ತಟ್ಟಲಿ. ಒಂದರಲ್ಲಿ ಮನೆಯ ಲೆಕ್ಕಪತ್ರ: ಹತ್ತು ವರ್ಷ ತುಂಬಿದ ಮಗು ತನ್ನ ಉಳಿತಾಯ ಖಾತೆಯನ್ನು ಮಿತಿಯೊಳಗೆ ತಾನೇ ನಡೆಸಲು ರಿಸರ್ವ್ ಬ್ಯಾಂಕಿನ ನಿಯಮ ಅವಕಾಶವಿತ್ತಿದೆ, ಚಲನ್ ತುಂಬುವುದನ್ನೂ ಬಡ್ಡಿ ಎಣಿಸುವುದನ್ನೂ ಕನ್ನಡದಲ್ಲಿ ಕಲಿಯಲಿ. ನಾಲ್ಕನೆಯದರಲ್ಲಿ ಕಬಡ್ಡಿ, ಲಗೋರಿ. ಮಗು ಪ್ರತಿಯೊಂದರಲ್ಲಿಯೂ ಎರಡು ಭಾನುವಾರ ಕುಳಿತು ನೋಡಿ, ಆಮೇಲೆ ಒಂದನ್ನು ತಾನೇ ಆರಿಸಲಿ. ಆರಿಸಿದ್ದನ್ನು ದೀಪಾವಳಿಯವರೆಗೆ ಬಿಡಕೂಡದು, ಅನಂತರ ಬದಲಾಯಿಸಬಹುದು. ಪರೀಕ್ಷೆ ಬೇಡ, ಪದಕ ಬೇಡ. ನಿವೃತ್ತರಾದ ಅಧ್ಯಾಪಕರು, ಗೃಹಿಣಿಯರು, ಹವ್ಯಾಸಿ ಕಲಾವಿದರು ಕಲಿಸಲು ಮುಂದಾದರೆ ಶುಲ್ಕವೂ ಬೇಡ. ಕ್ಲಾಸಿನ ಫಲಕವನ್ನು ದೂರದಿಂದಲೇ ನೋಡುವ ಹೋಟೆಲು ಕಾರ್ಮಿಕರ, ಕೂಲಿಕಾರರ ಮಕ್ಕಳೂ ಆಗ ಒಳಗೆ ಬರಬಲ್ಲರು.

ಮಕ್ಕಳ ಇಚ್ಛೆಗೆ ಬಿಟ್ಟರೆ ಅವರು ಮೊಬೈಲನ್ನೇ ಆರಿಸುತ್ತಾರೆ ಎಂಬ ಆಕ್ಷೇಪ ಬರುವುದುಂಟು. ಎಲೆಯ ಮೇಲೆ ಏನೇನು ಬಡಿಸಬೇಕೆಂಬುದು ಹಿರಿಯರ ಹೊಣೆ. ಯಾವುದನ್ನು ಎರಡನೆಯ ಸಲ ಹಾಕಿಸಿಕೊಳ್ಳಬೇಕೆಂಬುದು ಉಣ್ಣುವವರ ಹಕ್ಕು. ಮೊಬೈಲು ಎಲೆಯ ಮೇಲೆ ಇರಬೇಕಾಗಿಲ್ಲ. ಹೀಗೆ ಆಡಿಕೊಂಡರೆ ಮಗು ಹಿಂದೆ ಬಿದ್ದೀತೆಂಬುದು ಇನ್ನೊಂದು ಭಯ. ತನಗೆ ಯಾವುದು ಇಷ್ಟ, ಯಾವುದು ಸಾಧ್ಯ ಎಂದು ಹದಿಮೂರರಲ್ಲಿ ಚಿಕ್ಕ ವಿಷಯದಲ್ಲಿ ಆರಿಸಿ ಅಭ್ಯಾಸವಿಲ್ಲದವನು, ಹದಿನಾರರಲ್ಲಿ ವಿಜ್ಞಾನವೋ ವಾಣಿಜ್ಯವೋ ಎಂಬ ದೊಡ್ಡ ಪ್ರಶ್ನೆಗೆ ಯಾವ ಆಧಾರದ ಮೇಲೆ ಉತ್ತರ ಕೊಟ್ಟಾನು? ಆರಿಸಿಕೊಳ್ಳುವುದು ಕೂಡ ಕಲಿಯಬೇಕಾದ ವಿದ್ಯೆ.

ಬರುವ ಜೂನ್ ತಿಂಗಳಿನಲ್ಲಿ ಶಾಲೆಗಳು ತೆರೆದಾಗ ಮತ್ತೆ ಅರ್ಜಿಗಳು ಮನೆಗೆ ಬರುತ್ತವೆ. ಸಹಿ ಹಾಕುವ ಮುನ್ನ ಪಾಲಕರು ಅರ್ಜಿಯನ್ನು ಮಗುವಿನ ಮುಂದಿಟ್ಟು, ನಿನಗೆ ಯಾವುದು ಬೇಕು ಎಂದು ಕೇಳಲಿ. ಸಂಜೆಯ ಒಂದು ತಾಸನ್ನು ಯಾವ ಕ್ಲಾಸಿಗೂ ಕೊಡದೆ ಆಟಕ್ಕೆ ಮೀಸಲಿಡಲಿ. ಆ ಪ್ರಶ್ನೆಯನ್ನು ಕನ್ನಡದಲ್ಲಿಯೇ ಕೇಳಿದರೆ, ಮನೆಯಲ್ಲಿ ಕನ್ನಡದ ಮೊದಲ ತರಗತಿ ಅಂದೇ ಆರಂಭವಾದಂತೆ.