ಏರು ಹತ್ತದ ಜೀಪು ಮತ್ತು ಗೋಣಿಯೊಳಗಿನ ಟರ್ಬೋ

ಮೇ ತಿಂಗಳ ಕೊನೆಯ ವಾರ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಕೈಯಲ್ಲೊಂದು ಗೋಣಿಚೀಲವಿತ್ತು. ಜಗಲಿಯಲ್ಲಿ ಅದರ ಬಾಯಿ ಬಿಚ್ಚಿ, ಒಳಗಿದ್ದುದನ್ನು ಎರಡೂ ಕೈಗಳಿಂದ ಎತ್ತಿ ನನ್ನ ಮುಂದಿಟ್ಟ. ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾದ ಎರಡು ಲೋಹದ ಗೂಡುಗಳು ಬೆನ್ನಿಗೆ ಬೆನ್ನು ತಾಗಿಸಿ ಕುಳಿತಂತಿದ್ದ ವಸ್ತು. ಒಂದು ಗೂಡು ಮಸಿ ಹಿಡಿದ ಕಬ್ಬಿಣದ್ದು, ಇನ್ನೊಂದು ಬಿಳಿಯ ಅಲ್ಯೂಮಿನಿಯಮ್ಮಿನದು.

"ಟರ್ಬೋ, ಮಾಷ್ಟ್ರೇ. ಗುಜರಿಯಿಂದ ತಂದದ್ದು. ನಮ್ಮ ಜೀಪಿಗೆ ಇದನ್ನು ಕೂಡಿಸಬಹುದೋ?"

ಆತನ ಜೀಪು ಮಹೀಂದ್ರಾ ಎಂ.ಎಂ. 540. ನಾಲ್ಕೂ ಗಾಲಿಗಳಿಗೆ ಎಳೆತವುಳ್ಳದ್ದು. ಒಳಗಿರುವುದು ಪ್ಯೂಜೋ ಮೂಲದ 2,112 ಸಿ.ಸಿ. ಡೀಸೆಲ್ ಎಂಜಿನ್. ತಂದೆಯ ಕಾಲದಲ್ಲಿ ಕೊಂಡದ್ದು, ಈಗ ಟ್ಯಾಕ್ಸಿಯಾಗಿ ಓಡುತ್ತದೆ. ಹಗಲೆಲ್ಲ ಅಡಿಕೆ, ಗೊಬ್ಬರ, ದಿನಸಿ. ಬೆಳಗ್ಗೆ ಮತ್ತು ಸಂಜೆ ಗುಡ್ಡದ ಮೇಲಿನ ಮನೆಗಳ ಏಳು ಮಕ್ಕಳು. ಆ ಏಳು ಮಂದಿಯೂ ನಮ್ಮ ಕನ್ನಡ ಶಾಲೆಯವರು. ಕಳೆದ ಮಳೆಗಾಲದಲ್ಲಿ ಕೊನೆಯ ಚಡಾವಿನಲ್ಲಿ ಜೀಪು ಕರಿಹೊಗೆ ಉಗುಳಿ ನಿಂತುಬಿಡುತ್ತಿತ್ತು. ಮಕ್ಕಳು ಇಳಿದು, ಚೀಲವನ್ನು ತಲೆಯ ಮೇಲಿಟ್ಟು, ಕೆಂಪು ಕೆಸರಿನಲ್ಲಿ ನಡೆದು ಮನೆ ಸೇರಬೇಕಾಗಿತ್ತು. ಈ ವರ್ಷ ಇನ್ನೊಂದು ಶಾಲೆಯ ಹಳದಿ ಬಸ್ಸು ಗುಡ್ಡದ ಬುಡದ ತನಕ ಬರುವ ಸುದ್ದಿ ಹಬ್ಬಿದೆ. ಜೀಪು ಮೇಲೆ ಬಾರದಿದ್ದರೆ, ಹೇಗೂ ಬುಡದ ತನಕ ನಡೆಯಬೇಕಾದ ಮಕ್ಕಳನ್ನು ಹೆತ್ತವರು ಆ ಬಸ್ಸಿಗೇ ಹತ್ತಿಸಿಯಾರು. ಶಾಲೆ ತೆರೆದ ಆರನೆಯ ಕೆಲಸದ ದಿನದ ತಲೆಯೆಣಿಕೆಯಲ್ಲಿ ಏಳು ಮಕ್ಕಳು ಕಡಿಮೆಯಾದರೆ ಏನಾಗುತ್ತದೆಂಬುದನ್ನು ಈ ಪತ್ರಿಕೆಯ ಓದುಗರಿಗೆ ನಾನು ವಿವರಿಸಬೇಕಾಗಿಲ್ಲ. ಆದುದರಿಂದ ಆತನ ಪ್ರಶ್ನೆ ಗ್ಯಾರೇಜಿನದು ಮಾತ್ರ ಆಗಿರಲಿಲ್ಲ.

ಟರ್ಬೋ ಎಂದರೇನೆಂದು ಮೊದಲು ನೋಡೋಣ. ಒಲೆಯಲ್ಲಿ ಸೌದೆ ತುಂಬಾ ಒಟ್ಟಿದರೂ ಗಾಳಿ ಸಾಲದಿದ್ದರೆ ಹೊಗೆ ಏಳುತ್ತದೆ. ಊದುಗೊಳವೆಯಿಂದ ಊದಿದರೆ ಜ್ವಾಲೆ ಏಳುತ್ತದೆ. ಡೀಸೆಲ್ ಎಂಜಿನ್ನಿನ ಕಥೆಯೂ ಅದೇ. ಟರ್ಬೋ ಇಲ್ಲದ ಎಂಜಿನ್, ಪಿಸ್ಟನ್ ಕೆಳಗಿಳಿಯುವಾಗ ತಾನಾಗಿ ಎಳೆದುಕೊಳ್ಳಬಲ್ಲಷ್ಟೇ ಗಾಳಿಯನ್ನು ಉಸಿರಾಡುತ್ತದೆ. 2,112 ಸಿ.ಸಿ.ಯ ಎಂಜಿನ್ ನಿಮಿಷಕ್ಕೆ 2,000 ಸುತ್ತು ತಿರುಗುವಾಗ, ಎರಡು ಸುತ್ತಿಗೊಂದು ಉಸಿರಿನ ಲೆಕ್ಕದಲ್ಲಿ, ಹೆಚ್ಚೆಂದರೆ 2,112 ಲೀಟರ್ ಗಾಳಿ, ತೂಕದಲ್ಲಿ ಎರಡೂವರೆ ಕಿಲೋಗ್ರಾಂಗೂ ಕಡಿಮೆ. ಎಷ್ಟು ಡೀಸೆಲನ್ನು ಸ್ವಚ್ಛವಾಗಿ ಸುಡಬಹುದೆಂಬುದನ್ನು ಈ ಗಾಳಿಯೇ ನಿರ್ಧರಿಸುತ್ತದೆ. ಇಂಧನದಿಂದ ಹುಟ್ಟುವ ಶಕ್ತಿಯ ಮೂರನೆಯ ಒಂದು ಪಾಲಿನಷ್ಟು ಸೈಲೆನ್ಸರಿನಲ್ಲಿ ಬಿಸಿಯಾಗಿ ಹೊರಟುಹೋಗುತ್ತದೆ. ಆ ಹೋಗುವ ಬಿಸಿ ಹೊಗೆಯಿಂದಲೇ ಒಂದು ಚಕ್ರವನ್ನು ತಿರುಗಿಸಿ, ಅದೇ ದಂಡಕ್ಕೆ ಜೋಡಿಸಿದ ಇನ್ನೊಂದು ಚಕ್ರದಿಂದ ಹೊಸ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವುದು ಟರ್ಬೋ. ಕಮ್ಮಾರನ ತಿದಿಯನ್ನು ಕುಲುಮೆಯ ಹೊಗೆಯೇ ಒತ್ತಿದಂತೆ! 1905ರಲ್ಲಿ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ ಎಂಬ ಎಂಜಿನಿಯರ್ ಈ ವಿಚಾರಕ್ಕೆ ಪೇಟೆಂಟ್ ಪಡೆದ. 1918ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ವಿಮಾನದ ಎಂಜಿನ್ನೊಂದನ್ನು 4,300 ಮೀಟರ್ ಎತ್ತರದ ಪೈಕ್ಸ್ ಪೀಕ್ ಪರ್ವತದ ಮೇಲಕ್ಕೆ ಒಯ್ದು, ಟರ್ಬೋ ಇದ್ದರೆ ತೆಳುಗಾಳಿಯಲ್ಲೂ ಶಕ್ತಿ ಕುಂದದೆಂದು ತೋರಿಸಿದ. ಊಟಿಯ ಎತ್ತರದಲ್ಲಿ ಗಾಳಿ ಸುಮಾರು ಐದನೆಯ ಒಂದು ಪಾಲು ತೆಳುವಾಗಿರುವುದರಿಂದ ನೀಲಗಿರಿಯವರಿಗೆ ಈ ಮಾತು ಹತ್ತಿರದ್ದು. ನಮ್ಮ ಗುಡ್ಡಗಳಾದರೋ ಕೆಲವು ನೂರು ಮೀಟರ್ ಎತ್ತರದವು. ಇಲ್ಲಿ ಜೀಪು ಏದುಸಿರು ಬಿಟ್ಟರೆ ತಪ್ಪು ಗಾಳಿಯದಲ್ಲ.

ಆತನಿಗೆ ಈ ಆಸೆ ಹುಟ್ಟಿಸಿದವರು ಗಲ್ಫಿನಲ್ಲಿ ಇಪ್ಪತ್ತು ವರ್ಷ ವಾಹನ ನಡೆಸಿ ಮರಳಿದ ಅವನ ಮಾವ. ಮರಳುಗಾಡಿನಲ್ಲಿ ಹಳೆಯ ಟೊಯೋಟಾ ಲ್ಯಾಂಡ್ ಕ್ರೂಸರುಗಳಿಗೆ ಟರ್ಬೋ ಕೂಡಿಸುವುದನ್ನು ಅವರು ಕಂಡಿದ್ದರು. ಅದು ಸುಳ್ಳಲ್ಲ. 1 ಎಚ್‌ಝಡ್ ಎಂಬ 4.2 ಲೀಟರಿನ, ಆರು ಸಿಲಿಂಡರಿನ ಟರ್ಬೋರಹಿತ ಎಂಜಿನ್ನಿಗೆ ಟರ್ಬೋ ಜೋಡಿಸುವುದು ಆಸ್ಟ್ರೇಲಿಯದಲ್ಲಿ ಒಂದು ದೊಡ್ಡ ಉದ್ಯಮವೇ ಆಗಿದೆ. ಅದಕ್ಕೆಂದೇ ಅಳತೆಗೆ ಮಾಡಿದ ಸಲಕರಣೆಯ ಕಟ್ಟುಗಳು ದೊರೆಯುತ್ತವೆ. ಆದರೆ ಟೊಯೋಟಾ ಕಂಪೆನಿ ತಾನೇ ಅದೇ ಗಾತ್ರದ ಟರ್ಬೋ ಎಂಜಿನ್ ಮಾರುವಾಗ ಏನು ಮಾಡಿತೆಂಬುದನ್ನೂ ನೋಡಬೇಕು. 1 ಎಚ್‌ಝಡ್ಡಿಗೆ ಕೊಳವೆ ಸಿಕ್ಕಿಸಿ ಕೈ ತೊಳೆದುಕೊಳ್ಳಲಿಲ್ಲ. ಇಂಧನವನ್ನು ಪಿಸ್ಟನ್ನಿನ ತಲೆಯ ಮೇಲೆ ನೇರವಾಗಿ ಸಿಂಪಡಿಸುವ 1 ಎಚ್‌ಡಿ-ಟಿ ಎಂಬ ಬೇರೆ ಎಂಜಿನ್ನನ್ನೇ ರೂಪಿಸಿತು. 1 ಎಚ್‌ಝಡ್ಡೂ ನಮ್ಮ ಪ್ಯೂಜೋ ಎಂಜಿನ್ನೂ ಹಳೆಯ ಬಗೆಯವು. ಹೆಡ್ಡಿನಲ್ಲಿರುವ ಪುಟ್ಟ ಕೋಣೆಯಲ್ಲಿ ಇಂಧನ ಹೊತ್ತಿ, ಅಲ್ಲಿಂದ ಬೆಂಕಿ ಸಿಲಿಂಡರಿಗೆ ಇಳಿಯುತ್ತದೆ. ಆ ಕೋಣೆಯ ಸುತ್ತಲಿನ ಲೋಹವೇ ಮೊದಲು ಬಿಸಿಗೆ ಬಿರಿಯುವ ಜಾಗ.

ಬಿಸಿಯ ಲೆಕ್ಕವನ್ನು ಮಕ್ಕಳಿಗೂ ಹೇಳಿಕೊಡಬಹುದು. ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ. ಸೈಕಲ್ ಪಂಪಿನ ತುದಿ ಮುಟ್ಟಿದವರಿಗೆ ಗೊತ್ತು. 30 ಡಿಗ್ರಿಯ ಗಾಳಿಯನ್ನು ವಾತಾವರಣಕ್ಕಿಂತ ಅರ್ಧ ಪಟ್ಟು ಹೆಚ್ಚು ಒತ್ತಡಕ್ಕೆ ಏರಿಸಿದರೆ ಅದು ಸುಮಾರು 80 ಡಿಗ್ರಿಗೆ ಹೋಗುತ್ತದೆ. ಬಿಸಿಗಾಳಿ ಹಿಗ್ಗಿದ ಗಾಳಿ. ಹೀಗಾಗಿ ಒತ್ತಡ ಅರ್ಧ ಪಟ್ಟು ಹೆಚ್ಚಿದರೂ ಸಿಲಿಂಡರಿಗೆ ಸೇರುವ ಗಾಳಿಯ ತೂಕ ಹೆಚ್ಚುವುದು ಕಾಲು ಪಾಲಿಗಿಂತ ತುಸು ಮಾತ್ರ ಮೇಲೆ. ನಡುವೆ ಇಂಟರ್‌ಕೂಲರ್ ಎಂಬ ತಂಪುಪೆಟ್ಟಿಗೆ ಇಟ್ಟು 50 ಡಿಗ್ರಿಗೆ ಇಳಿಸಿದರೆ ಲಾಭ ಶೇಕಡಾ 40ರ ಹತ್ತಿರ ಬರುತ್ತದೆ. ಇಷ್ಟಾದರೂ ಗಾಳಿ ತಾನಾಗಿ ಶಕ್ತಿ ಕೊಡುವುದಿಲ್ಲ. ಹಳೆಯ ಪಂಪಿನ ಸ್ಕ್ರೂ ತಿರುವಿ ಡೀಸೆಲ್ ಹೆಚ್ಚಿಸಬೇಕು. ಎಂಜಿನ್ನುಗಳು ಹಾಳಾಗುವುದು ಬಹುಮಟ್ಟಿಗೆ ಈ ಸ್ಕ್ರೂವಿನಿಂದ. ಗಾಳಿಯನ್ನು ಮೀರಿ ಡೀಸೆಲ್ ಹೋದರೆ ಹೊರಹೋಗುವ ಹೊಗೆ 700 ಡಿಗ್ರಿಯನ್ನು ದಾಟುತ್ತದೆ; ಅಲ್ಯೂಮಿನಿಯಮ್ ಕರಗುವುದು 660ಕ್ಕೆ. ಪಿಸ್ಟನ್ ಅಲ್ಯೂಮಿನಿಯಮ್ಮಿನದೇ. ನೀರೂ ಆಯಿಲೂ ತಂಪು ಮಾಡುತ್ತಿರುವುದರಿಂದ ಅದು ಉಳಿದಿರುತ್ತದೆ, ಅಷ್ಟೆ. ಟರ್ಬೋ ಹಾಕುವ ಕಾರ್ಖಾನೆಗಳು ಪಿಸ್ಟನ್ನಿನ ತಳಕ್ಕೆ ಆಯಿಲ್ ಚಿಮ್ಮಿಸುವ ಏರ್ಪಾಟು ಮಾಡುವುದು ಸುಮ್ಮನೆ ಅಲ್ಲ. ಹೊಗೆಯ ಬಿಸಿ ತೋರಿಸುವ ಮಾಪಕವಿಲ್ಲದೆ ಟರ್ಬೋ ಕೂಡಿಸುವುದು ಕಣ್ಣು ಕಟ್ಟಿಕೊಂಡು ಬೆಲ್ಲದ ಪಾಕ ತೆಗೆಯುವಂಥ ಕೆಲಸ.

ಇನ್ನೊಂದು ಅಪಾಯವನ್ನು ಹೇಳಿದಾಗ ಅವನ ಮುಖ ಸಣ್ಣದಾಯಿತು. ಟರ್ಬೋವಿನ ದಂಡ ನಿಮಿಷಕ್ಕೆ ಲಕ್ಷ ಸುತ್ತನ್ನೂ ಮೀರಿ ತಿರುಗುತ್ತದೆ. ಅದನ್ನು ಕಾಯುವುದು ಎಂಜಿನ್ನಿನ ಆಯಿಲಿನ ತೆಳುಪದರ. ಗುಜರಿಯ ಟರ್ಬೋವಿನ ದಂಡ ಸವೆದಿದ್ದರೆ ಆ ಆಯಿಲು ಸೋರಿ ಗಾಳಿಯ ಕೊಳವೆಗೆ ಸೇರುತ್ತದೆ. ಡೀಸೆಲ್ ಎಂಜಿನ್ನಿಗೆ ಡೀಸೆಲೇ ಆಗಬೇಕೆಂದಿಲ್ಲ, ಆಯಿಲನ್ನೂ ಕುಡಿದು ಓಡುತ್ತದೆ. ಆಗ ಕೀಲಿ ತೆಗೆದರೂ ನಿಲ್ಲುವುದಿಲ್ಲ. ಗಾಳಿಯ ಬಾಯಿ ಮುಚ್ಚದಿದ್ದರೆ ತನ್ನನ್ನು ತಾನೇ ಮುರಿದುಕೊಳ್ಳುವ ತನಕ ಕೂಗುತ್ತ ವೇಗ ಹೆಚ್ಚಿಸಿಕೊಳ್ಳುತ್ತದೆ. ಹಿಂದೆ ಏಳು ಮಕ್ಕಳು ಕುಳಿತಿರುವಾಗ!

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ನೋಂದಣಿಯ ವಿವರಗಳು ತಯಾರಕರು ಮೂಲತಃ ನಿರ್ದೇಶಿಸಿದುದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದೆನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಬಿಗಿಯಾಗಿ ಎತ್ತಿಹಿಡಿದ ಪ್ರಕರಣ ನಮ್ಮ ಕೇರಳದಿಂದಲೇ ಹೋದದ್ದು. ಎಂಜಿನ್ನಿನ ಶಕ್ತಿಯನ್ನೇ ಬದಲಿಸುವ ಜೋಡಣೆಗೆ ಈ ಕಲಮು ತಾಗದೆಂದು ಧೈರ್ಯ ಹೇಳಲು ನಾನು ಸಿದ್ಧನಿಲ್ಲ. ಅವಘಡವಾದ ದಿನ ವಿಮೆಯವರು ಮೊದಲು ಕೇಳುವ ಪ್ರಶ್ನೆಯೂ ಅದೇ ಆದೀತು. ಸ್ವಂತ ತೋಟದೊಳಗೆ ಓಡಿಸುವವನ ಹವ್ಯಾಸ ಬೇರೆ, ಊರ ಮಕ್ಕಳನ್ನು ಕೂರಿಸಿಕೊಳ್ಳುವವನ ಹೊಣೆ ಬೇರೆ. ಅಲ್ಲದೆ ಟರ್ಬೋ ಏರುವುದಕ್ಕೆ ಮಾತ್ರ ಸಹಾಯಕ. ಇಳಿಯುವಾಗ ಇರುವುದು ಅದೇ ಹಳೆಯ ಬ್ರೇಕು.

"ಹಾಗಾದರೆ ಏನು ಮಾಡುವುದು ಮಾಷ್ಟ್ರೇ? ಮಕ್ಕಳನ್ನು ಬಿಡುವುದೋ?"

"ಈ ಜೀಪು ನಿನ್ನ ಅಪ್ಪನ ಕಾಲದಲ್ಲಿ ಅದೇ ಗುಡ್ಡ ಹತ್ತುತ್ತಿತ್ತಲ್ಲ?" ಎಂದು ಕೇಳಿದೆ. ಹತ್ತುತ್ತಿತ್ತು, ಅಡಿಕೆಯ ಮೂಟೆ ಹೇರಿಕೊಂಡೇ ಹತ್ತುತ್ತಿತ್ತು. ಅಂದಮೇಲೆ ಹೊಸ ಶಕ್ತಿ ಹುಡುಕುವ ಮೊದಲು ಕಳೆದುಹೋದ ಶಕ್ತಿಯನ್ನು ಹುಡುಕಬೇಕಲ್ಲವೇ.

ಮರುದಿನ ಇಬ್ಬರೂ ಗ್ಯಾರೇಜಿಗೆ ಹೋದೆವು. ಏರ್ ಫಿಲ್ಟರಿನೊಳಗೆ ಮುರಕಲ್ಲಿನ ಕೆಂಪು ಧೂಳು ಕೆಸರಾಗಿ ಕುಳಿತಿತ್ತು. ನೋಝಲುಗಳನ್ನು ಬಿಚ್ಚಿ ಪರೀಕ್ಷೆಗಿಟ್ಟಾಗ ಎರಡು ಡೀಸೆಲನ್ನು ಮಂಜಿನಂತೆ ಚಿಮುಕಿಸುವ ಬದಲು ನಲ್ಲಿಯಂತೆ ತೊಟ್ಟಿಕ್ಕುತ್ತಿದ್ದವು. ಕರಿಹೊಗೆಯ ಅರ್ಧ ಗುಟ್ಟು ಅಲ್ಲಿತ್ತು. ನನಗೆ ನಗು ತರಿಸಿದ್ದು ಬೇರೆಯೇ. ಮೆಕ್ಯಾನಿಕ್ ಪಂಪಿನ ಬಳಿ ಬಗ್ಗಿ ನಿಂತು, ಆಕ್ಸಿಲರೇಟರನ್ನು ಪೂರ್ತಿ ಒತ್ತಲು ಹೇಳಿದ. ಪೆಡಲು ನೆಲಕ್ಕೆ ತಾಗಿದರೂ ಪಂಪಿನ ಲಿವರು ಮುಕ್ಕಾಲು ದಾರಿಯಲ್ಲೇ ನಿಂತಿತ್ತು. ಎಷ್ಟು ಕಾಲದಿಂದ ಮುಕ್ಕಾಲು ಎಂಜಿನ್ನಿನಲ್ಲಿ ಗುಡ್ಡ ಹತ್ತುತ್ತಿದ್ದನೋ! ಕೊನೆಗೆ ಕಂಪ್ರೆಶನ್ ನೋಡಿದೆವು. ಮೂರು ಸಿಲಿಂಡರುಗಳಲ್ಲಿ 26ರ ಆಸುಪಾಸು ಬಾರ್, ಮೂರನೆಯದರಲ್ಲಿ 19. ರಿಂಗು ಸವೆದಿದೆ. ಟರ್ಬೋವಿನ ಪ್ರಶ್ನೆಗೆ ಉತ್ತರ ಆ ಒಂದು ಸಂಖ್ಯೆಯಲ್ಲೇ ಇತ್ತು. ಉಸಿರು ಸೋರುವ ಎದೆಗೆ ತಿದಿ ಕಟ್ಟುವುದುಂಟೇ?

ಇನ್ನೊಂದು ಸಂಗತಿ ಗ್ಯಾರೇಜಿನಿಂದ ಮರಳುವಾಗ ತಿಳಿಯಿತು. ಗೇರಿನ ಪಕ್ಕದ ಪುಟ್ಟ ಲಿವರುಗಳನ್ನು ಆತ ವರ್ಷಗಳಿಂದ ಮುಟ್ಟಿರಲಿಲ್ಲ. ನಾಲ್ಕೂ ಗಾಲಿಗಳಿಗೆ ಎಳೆತ ಕೊಟ್ಟು ಕೆಳ ಗೇರಿಗೆ ಹಾಕುವ ಲಿವರುಗಳು ಅವು. ಆ ಕೆಳ ಗೇರು ಗಾಲಿಗೆ ಹೋಗುವ ತಿರುಚುಬಲವನ್ನು ಸುಮಾರು ಎರಡೂವರೆ ಪಟ್ಟು ಮಾಡುತ್ತದೆ. ಟರ್ಬೋ ಕೊಡುವ ಕಾಲು ಪಾಲಿನೊಡನೆ ಹೋಲಿಸಿ ನೋಡಿ. ವೇಗ ಅಷ್ಟೇ ಪಟ್ಟು ತಗ್ಗುತ್ತದೆ ನಿಜ. ಕೆಸರಿನ ಚಡಾವಿನಲ್ಲಿ ಯಾರಿಗೆ ಬೇಕು ವೇಗ? ಗಟ್ಟಿ ಕಾಂಕ್ರೀಟು ರಸ್ತೆ ಬಂದೊಡನೆ ಅದನ್ನು ಬಿಡಿಸಬೇಕು, ಇಲ್ಲವಾದರೆ ಮುಂದಿನ ಹಿಂದಿನ ಗಾಲಿಗಳು ಒಂದನ್ನೊಂದು ಹಿಡಿದೆಳೆದು ಗೇರಿನ ಹಲ್ಲಿಗೆ ಪೆಟ್ಟು. ತುಕ್ಕು ಹಿಡಿದಿದ್ದ ಲಿವರುಗಳನ್ನು ಎಣ್ಣೆ ಬಿಟ್ಟು ಸಡಿಲಿಸಲು ಒಂದು ಇಡೀ ಮಧ್ಯಾಹ್ನ ಬೇಕಾಯಿತು.

ನೋಝಲು, ಫಿಲ್ಟರು, ಕೇಬಲು, ಅದರೊಡನೆ ಬ್ರೇಕಿನ ಲೈನರು ಇಷ್ಟನ್ನು ಜೂನಿನ ಮೊದಲು ಮುಗಿಸಿದೆವು. ರಿಂಗಿನ ಕೆಲಸಕ್ಕೆ ಎಂಜಿನ್ ಬಿಚ್ಚಬೇಕು. ಅದನ್ನು ಓಣಂ ರಜೆಯ ಹತ್ತು ದಿನಗಳಿಗೆ ಇಟ್ಟುಕೊಂಡಿದ್ದೇವೆ. ಅಲ್ಲಿಯ ತನಕ ಮೂಟೆ ಹೇರುವುದಿಲ್ಲವೆಂದು ಆತ ಒಪ್ಪಿದ್ದಾನೆ. ಆದಾಯದ ದೃಷ್ಟಿಯಿಂದ ಇದು ಸಣ್ಣ ತ್ಯಾಗವಲ್ಲ. ಮಕ್ಕಳ ಮನೆಯವರು ಸೇರಿ ನೋಝಲಿನ ಖರ್ಚಿನ ಅರ್ಧವನ್ನು ಕೊಟ್ಟರು. ಕೇಳದೆಯೇ ಕೊಟ್ಟರು ಎಂದು ಬರೆಯಲು ಸಂತೋಷವಾಗುತ್ತದೆ.

ಆರನೆಯ ಕೆಲಸದ ದಿನ ಬೆಳಗಿನಿಂದಲೇ ಜಡಿಮಳೆ. ಒಂಬತ್ತೂವರೆಯ ಹೊತ್ತಿಗೆ ನಾನು ಏನೋ ನೆಪ ಮಾಡಿಕೊಂಡು ಶಾಲೆಯ ಗೇಟಿನ ಬಳಿ ಕೊಡೆ ಹಿಡಿದು ನಿಂತಿದ್ದೆ. ಜೀಪು ಬಂತು. ಹೊಗೆ ಇತ್ತು, ಆದರೆ ಬೂದುಬಣ್ಣದ್ದು. ಏಳು ಮಂದಿ ಇಳಿದರು, ಎಂಟನೆಯದಾಗಿ ಒಂದನೆಯ ತರಗತಿಗೆ ಸೇರಲು ಬಂದ ಒಬ್ಬಳು ತಂಗಿಯೂ.

ಟರ್ಬೋ ಈಗ ಶಾಲೆಯ ವಿಜ್ಞಾನದ ಕಪಾಟಿನಲ್ಲಿದೆ. ಮಾವನ ಮಗ ಅದರ ಕಬ್ಬಿಣದ ಗೂಡನ್ನು ಬಿಚ್ಚಿ, ಚಕ್ರ ಕಾಣುವಂತೆ ಹಲಗೆಯ ಮೇಲೆ ಕೂರಿಸಿ ಕೊಟ್ಟಿದ್ದಾನೆ. ಬಾಯಿಯಿಂದ ಊದಿದರೆ ತಿರುಗುತ್ತದೆ. ದಂಡವನ್ನು ಬೆರಳಲ್ಲಿ ಹಿಡಿದು ಅಲುಗಿಸಿ ನೋಡಿದೆ. ಕಟಕಟ ಎಂದು ಒಳ್ಳೆಯ ಸದ್ದೇ ಬಂತು. ಸವೆದಿತ್ತು.