ದಿಕ್ಕು ತಪ್ಪಿದ್ದು ಭೂಮಿಗಲ್ಲ, ನಮಗೆ

ಬೇಲೂರು ಅಂದ ಕೂಡಲೇ ಚೆನ್ನಕೇಶವನ ಗುಡಿ ನೆನಪಾದರೆ ತಪ್ಪು ನಿಮ್ಮದಲ್ಲ. ನಾನು ಹೇಳ್ತಿರೋದು ಧಾರವಾಡದ ಹತ್ತಿರ, ಹೆದ್ದಾರಿ ಬದಿಯ ಬೇಲೂರು ಕೈಗಾರಿಕಾ ಪ್ರದೇಶದ ಬಗ್ಗೆ. ಅಲ್ಲಿ ನಮ್ಮ ಮಾವನದ್ದೊಂದು ಸಣ್ಣ ಶೆಡ್ ಇದೆ. ನಾಲ್ಕು ಲೇಥು, ಹನ್ನೊಂದು ಜನ ಕೆಲಸಗಾರರು. ಈ ಬೇಸಿಗೆಯಲ್ಲಿ ಸ್ಟಾಕ್ ಲೆಕ್ಕದ ಸಾಫ್ಟ್‌ವೇರ್ ಹಾಕಿಕೊಡೋಕೆ ಹೋಗಿದ್ದೆ. ನೋಡಿದರೆ ಮಾವನ ಟೇಬಲ್ ಗೋಡೆಗೆ ಮುಖ ಮಾಡಿ ಕೂತಿದೆ, ಒಂದೊಂದು ಲೇಥಿನ ಪಕ್ಕಕ್ಕೂ ಒಂದೊಂದು ತಾಮ್ರದ ತಗಡು!

"ಭೂಮಿ ಆಯಸ್ಕಾಂತ ಬದ್ಲಾಗಾಕತ್ತೈತಂತಪಾ. ಅದಕ್ಕ ಮಷೀನ್ ಪದೇ ಪದೇ ಕೆಡ್ತಾವಂತ" ಅಂದರು ಮಾವ.

ಯಾರೋ ಸಲಹೆಗಾರರು ಬಂದು, ಶೆಡ್ಡಿನೊಳಗೆ ಮೊಬೈಲಿನ ದಿಕ್ಸೂಚಿ ಹಿಡಿದು, ಉತ್ತರ ದಿಕ್ಕು 20 ಡಿಗ್ರಿ ಸರಿದಿದೆ ಅಂತ ತೋರಿಸಿ, 40 ಸಾವಿರ ತಗೊಂಡು ಹೋಗಿದ್ದರು. ನಾನು ಅದೇ ಮೊಬೈಲ್ ಹಿಡಿದು ಹೊರಗೆ ಬಯಲಿಗೆ ನಡೆದೆ. ಉತ್ತರ ತನ್ನ ಜಾಗಕ್ಕೆ ಬಂತು. ಒಳಗೆ ಉಕ್ಕಿನ ಕಂಬದ ಹತ್ತಿರ ಹೋದೆ, ಮತ್ತೆ ತಪ್ಪಿತು. ಕಂಬ, ತಗಡಿನ ಸೂರು, ಮೋಟಾರು ಎಲ್ಲಾ ಸೇರಿ ಮುಳ್ಳನ್ನ ಎಳೀತಿವೆ. ಪಾಪ, ಭೂಮಿ ಏನು ಮಾಡಿತ್ತು?

ನನಗೆ ಸಿಟ್ಟು ಬಂದಿದ್ದು ಸುಳ್ಳಿಗಲ್ಲ, ನಿಜವನ್ನೇ ಕಚ್ಚಾ ಮಾಲು ಮಾಡಿಕೊಂಡಿದ್ದಕ್ಕೆ. ಭೂಮಿಯ ಕಾಂತಕ್ಷೇತ್ರ ಬದಲಾಗ್ತಿರೋದು ನಿಜ. ಕಳೆದ 200 ವರ್ಷಗಳಲ್ಲಿ ಅದರ ಬಲ ಸರಾಸರಿ ಶೇ. 9ರಷ್ಟು ಇಳಿದಿದೆ. 1831ರಲ್ಲಿ ಕೆನಡಾದಲ್ಲಿ ಪತ್ತೆಯಾದ ಉತ್ತರ ಕಾಂತಧ್ರುವ ಈಗ ಸೈಬೀರಿಯಾ ಕಡೆಗೆ ಹೊರಟಿದೆ. ಆದರೆ ಧಾರವಾಡದಲ್ಲಿ ಕಾಂತೀಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಇರುವ ವ್ಯತ್ಯಾಸ 2 ಡಿಗ್ರಿಯೂ ಇಲ್ಲ. ಕ್ಷೇತ್ರದ ಬಲ ಸುಮಾರು 0.4 ಗಾಸ್. ಆಸ್ಪತ್ರೆಯ 1.5 ಟೆಸ್ಲಾ ಎಂಆರ್‌ಐ ಯಂತ್ರದ್ದು 15,000 ಗಾಸ್! ಉತ್ತರಕ್ಕೆ ತಲೆ ಹಾಕಿ ಮಲಗಿದರೆ ರಕ್ತದ ಕಬ್ಬಿಣ ಎಳೆಯುತ್ತೆ ಅನ್ನೋದು ನಿಜವಾಗಿದ್ದರೆ, ಎಂಆರ್‌ಐ ಒಳಗೆ ಹೋದವರು ಒಬ್ಬರೂ ವಾಪಸ್ ಬರ್ತಿರಲಿಲ್ಲ.

ಹಾಗಾದರೆ ಪರಿಣಾಮವೇ ಇಲ್ವಾ? ಇದೆ ಸ್ವಾಮಿ. ಸೂರ್ಯನ ಬಿರುಗಾಳಿ ಈ ಕ್ಷೇತ್ರವನ್ನ ಅಲುಗಾಡಿಸಿದಾಗ ಅದು ಕಾಣುತ್ತೆ. 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್‌ನಲ್ಲಿ ಸುಮಾರು 60 ಲಕ್ಷ ಜನರಿಗೆ 9 ಗಂಟೆ ಕರೆಂಟ್ ಇರಲಿಲ್ಲ. 2022ರ ಫೆಬ್ರವರಿಯಲ್ಲಿ ಆಗಷ್ಟೇ ಹಾರಿಸಿದ ಸ್ಟಾರ್‌ಲಿಂಕ್‌ನ ಸುಮಾರು 40 ಉಪಗ್ರಹಗಳು ಹಾಳಾದವು. 2024ರ ಮೇ ತಿಂಗಳಲ್ಲಿ ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪಾಗಿದ್ದು ಕ್ಯಾಮೆರಾದಲ್ಲಿ ಸೆರೆಯಾಯ್ತು. ಇಂಥದ್ದನ್ನ ಮುಂಚೆಯೇ ತಿಳಿಯೋಕೆ ನೆರವಾಗಲಿ ಅಂತಲೇ 2023ರಲ್ಲಿ ಆದಿತ್ಯ-ಎಲ್1 ಹಾರಿದ್ದು. ಅದರ ಮುಖ್ಯ ದೂರದರ್ಶಕ ಮಾಡಿದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ಆ ಇನ್ನೊಂದು ಬೇಲೂರು ಇರುವ ಹಾಸನ ಜಿಲ್ಲೆಯಲ್ಲೇ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರವಿದೆ. ಕಾಂತಕ್ಷೇತ್ರದ ಚಿಂತೆ ಮಾಡಬೇಕಾದವರು ಅಂಥವರು, ಲೇಥ್ ಶೆಡ್ಡಿನವರಲ್ಲ.

ಇನ್ನು ಅಸಲಿ ವಿಷಯ. ಎರಡನೇ ಲೇಥಿನ ಹುಡುಗ ಮೆತ್ತಗೆ ಹೇಳಿದ: "ಸರ್, ಮುಟ್ಟಿದ್ರ ಕೈ ಜುಂ ಅಂತೈತ್ರಿ." ಎಷ್ಟು ದಿನದಿಂದ? ಮೂರು ತಿಂಗಳಿಂದ! ಎಲ್ಲರೂ ಅದನ್ನೂ ಆಯಸ್ಕಾಂತದ ಲೆಕ್ಕಕ್ಕೇ ಹಾಕಿದ್ದರು. ಎಲೆಕ್ಟ್ರಿಷಿಯನ್ ಕರೆಸಿದೆ. ಅರ್ಥಿಂಗ್ ವೈರ್ ತುಂಡಾಗಿತ್ತು, ಗುಂಡಿ ಪೂರ್ತಿ ಒಣಗಿತ್ತು. ಒಂದು ಬೆವರಿದ ಮಧ್ಯಾಹ್ನ ಸಾಕಿತ್ತು, ಆ ಹುಡುಗ ಮನೆಗೆ ಹೋಗ್ತಿರಲಿಲ್ಲ.

ತಮಾಷೆ ನೋಡಿ, ಅರ್ಥಿಂಗ್ ಗುಂಡಿಯಲ್ಲಿ ಹೂಳೋದೂ ತಾಮ್ರದ ತಗಡನ್ನೇ. ಲೇಥಿನ ಪಕ್ಕ ಪೂಜೆಗೆ ಇಟ್ಟಿದ್ದನ್ನ ಮಣ್ಣಲ್ಲಿ ಹೂತು, ವೈರ್ ಜೋಡಿಸಿ, ನೀರು ಹಾಕಿದ್ದರೆ ಅದೇ ಒಂದು ಜೀವ ಕಾಯ್ತಿತ್ತು.

ಮಾವನನ್ನ ಬೈಯೋಕೆ ನನಗೆ ಮನಸಿಲ್ಲ. ಅವರಿಗೆ "ಧ್ರುವಪಲ್ಲಟದಿಂದ ಯಂತ್ರಗಳಿಗೆ ಅಪಾಯ" ಅನ್ನೋ ಮೆಸೇಜ್ ಕಳಿಸಿದ್ದು ಬಿ.ಇ. ಓದಿದ ನಮ್ಮದೇ ನೆಂಟ. ಅದನ್ನ ನಾನೂ ನೋಡಿದ್ದೆ. ಹಿರಿಯರೆದುರು ಯಾಕೆ ವಾದ ಅಂತ ಸುಮ್ಮನಿದ್ದೆ. ನಾಲ್ಕು ವರ್ಷ ಇಂಜಿನಿಯರಿಂಗ್ ಓದಿ ಸುಮ್ಮನಿರೋದೂ ಒಂದು ಫಾರ್ವರ್ಡೇ.

ನಿಮ್ಮ ಶೆಡ್ಡಲ್ಲಿ, ಮನೆಯಲ್ಲಿ ಅರ್ಥಿಂಗ್ ಚೆಕ್ ಮಾಡಿಸಿ ಎಷ್ಟು ದಿನವಾಯ್ತು?